ಹಗೆದಿನ್ನೆಗೆ ಆ ಹೆಸರು ಬಂದದ್ದು

ಮುದೇನಕೊಪ್ಪದಿಂದ ಕಲ್ಹಾಳಕ್ಕೆ ಹೋಗುವ ರಸ್ತೆ ಅರ್ಧ ದಾರಿಯಲ್ಲಿ ಒಂದು ಉದ್ದನೆಯ ದಿನ್ನೆಯನ್ನು ಹತ್ತಿ ಇಳಿಯುತ್ತದೆ. ಮೇಲೆ ಬಸ್ಸು ನಿಲ್ಲುವ ಕಡೆ ಹಳದಿ ಹಲಗೆಯ ಮೇಲೆ ‘ಹಗೆದಿನ್ನೆ’ ಎಂದು ಬರೆದಿದ್ದಾರೆ. ಸುತ್ತ ಎಲ್ಲಿ ನೋಡಿದರೂ ಕರಿ ಎರೆಯ ಹೊಲ, ನಡುವೆ ಇದೊಂದೇ ಎತ್ತರ. ಹೆಸರು ಓದಿದ ಪರಸ್ಥಳದವರು, ಇಲ್ಲಿ ಯಾವುದೋ ದ್ವೇಷ ನಡೆದಿರಬೇಕು ಎಂದುಕೊಳ್ಳುತ್ತಾರೆ. ಅವರ ಊಹೆ ಪೂರ್ತಿ ತಪ್ಪಲ್ಲ. ಆದರೆ ಊರವರು ಹೇಳುವ ‘ಹಗೆ’ ಬೇರೆ. ಕಾಳು ತುಂಬಿಡಲು ನೆಲದೊಳಗೆ ದೊಡ್ಡ ಗುಡಾಣದ ಆಕಾರದಲ್ಲಿ ತೋಡಿ, ಒಳಗೆಲ್ಲ ಹುಲ್ಲು ಹೊದಿಸಿ, ಕಿರಿದಾದ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವ ಕಣಜಕ್ಕೆ ಈ ಸೀಮೆಯಲ್ಲಿ ಹಗೆ ಎಂದೂ ಹಗೇವು ಎಂದೂ ಹೆಸರು. ಈ ದಿನ್ನೆಯ ಹೊಟ್ಟೆಯಲ್ಲಿ ಅಂಥದೊಂದು ಹಗೇವು ಇದೆ. ಅದನ್ನು ತೋಡಿಸಿದವಳು ಮುದೇನಕೊಪ್ಪದ ಗೌಡರ ಮನೆಯ ಸಂಕವ್ವ ಎನ್ನುತ್ತಾರೆ.

ಹಿಂದೆ ಒಮ್ಮೆ, ಪೇಶ್ವೆಯರ ಕೈ ಸಡಿಲಾಗುತ್ತ ಬಂದು ಕಂಪನಿಯವರ ಹಿಡಿತ ಇನ್ನೂ ಬಿಗಿಯಾಗದಿದ್ದ ಕಾಲದಲ್ಲಿ, ಈ ಭಾಗದಲ್ಲಿ ಎರಡು ಸಂಸ್ಥಾನಗಳಿದ್ದವು. ಮುದೇನಕೊಪ್ಪ ಅರೆಗಲ್ಲು ಸಂಸ್ಥಾನಕ್ಕೆ ಸೇರಿತ್ತು, ಕಲ್ಹಾಳ ಸಿಂಗನಗಡಕ್ಕೆ. ನಡುವೆ ಹರಿಯುವ ಹಳ್ಳವೇ ಎರಡಕ್ಕೂ ಗಡಿ. ಒಂದು ವರ್ಷ ದೊಡ್ಡ ಮಳೆಗೆ ಹಳ್ಳ ಸೊಕ್ಕಿ ಬಂದು, ಹಳೆಯ ಪಾತ್ರ ಬಿಟ್ಟು, ದಿನ್ನೆಯ ಇನ್ನೊಂದು ಪಕ್ಕಕ್ಕೆ ತಿರುಗಿ ಹರಿಯಿತು. ಅಲ್ಲಿಯವರೆಗೆ ಅರೆಗಲ್ಲಿನ ಕಡೆಗಿದ್ದ ದಿನ್ನೆ ಬೆಳಗಾಗುವುದರೊಳಗೆ ಸಿಂಗನಗಡದ ಕಡೆಗಾಯಿತು. ದನ ಮೇಯುವ ಬರಿ ದಿನ್ನೆಯಾಗಿದ್ದರೆ ಯಾರೂ ಕೇಳುತ್ತಿರಲಿಲ್ಲವೇನೋ. ಆದರೆ ಕುಮಟೆಯ ಬಂದರಿಗೆ ಹತ್ತಿ ಹೊತ್ತ ಗಾಡಿಗಳು ಆಗ ಈ ದಾರಿಯಲ್ಲೇ ಹೋಗುತ್ತಿದ್ದವು. ಕೆಳಗೆ ಎರೆಯಲ್ಲಿ ಗಾಲಿ ಹೂಳುವುದರಿಂದ ದಿನ್ನೆ ಹತ್ತದೆ ಅವಕ್ಕೆ ಬೇರೆ ದಾರಿಯಿಲ್ಲ. ದಿನ್ನೆ ಯಾರದೋ ಸುಂಕ ಅವರದು. ಹಳ್ಳ ಎಲ್ಲಿ ಹರಿಯುತ್ತದೋ ಅದೇ ಗಡಿ ಎಂದು ಸಿಂಗನಗಡದ ದೇಸಾಯಿ ಅಲ್ಲಿ ಸುಂಕದ ಚೌಕಿ ಹಾಕಿಸಿದ. ಹಳ್ಳ ಓಡಾಡಿದರೆ ನೆಲ ಓಡಾಡುವುದಿಲ್ಲ ಎಂದು ಅರೆಗಲ್ಲಿನ ದೇಸಾಯಿ ಅದನ್ನು ಸುಡಿಸಿದ. ಮುಂದೆ ಮಾತುಕತೆಗೆ ಹೋದವರು ಎರಡೂ ಕಡೆ ಅವಮಾನ ಪಟ್ಟು ಬಂದರು. ಯುಗಾದಿ ಮುಗಿದ ಮೇಲೆ ಯುದ್ಧ ಹತ್ತಿಕೊಂಡಿತು.

ಯುದ್ಧವೆಂದರೆ ಇಬ್ಬರೂ ದೇಸಾಯರು ಬಾಡಿಗೆಗೆ ತಂದ ಒಂದಿಷ್ಟು ಕುದುರೆ ಸವಾರರು, ಮಿಕ್ಕಂತೆ ಹಳ್ಳಿಗಳಿಂದ ಎಬ್ಬಿಸಿಕೊಂಡು ಹೋದ ಒಕ್ಕಲು ಮಕ್ಕಳು. ಸಂಕವ್ವ ಗಂಡನನ್ನು ಕಳೆದುಕೊಂಡು ಬಹಳ ವರ್ಷವಾಗಿತ್ತು. ಒಬ್ಬನೇ ಮಗ ಮಲ್ಲನಗೌಡ ಊರಿನ ಹುಡುಗರ ಮುಂದಾಳಾಗಿ ಹೋದ. ಸಿಂಗನಗಡದವರು ಮೊದಲು ಮುದೇನಕೊಪ್ಪಕ್ಕೆ ನುಗ್ಗಿ ಮನೆಗಳಿಗೆ ಬೆಂಕಿ ಇಟ್ಟರು. ಅದರ ಸೇಡಿಗೆ ಅರೆಗಲ್ಲಿನವರು ಕಲ್ಹಾಳಕ್ಕೆ ಹೋಗಿ, ಕಬ್ಬಿಣದ ಸಲಾಕೆಯಿಂದ ನೆಲ ಚುಚ್ಚಿ ಚುಚ್ಚಿ ನೋಡಿ, ಒಂದು ಹಗೇವನ್ನೂ ಬಿಡದೆ ಬಗೆದು ಕಾಳು ಹೊತ್ತರು. ಕಡೆಗೆ ಎರಡು ಪಡೆಗಳೂ ದಿನ್ನೆಯ ಮೇಲೆ ಎದುರಾದವು. ಅಂದು ಸಂಜೆಯ ಹೊತ್ತಿಗೆ ಮಲ್ಲನಗೌಡ ಅಲ್ಲಿ ಬಿದ್ದಿದ್ದ. ಎರಡೂ ಊರಿನ ಎಷ್ಟೋ ಮಂದಿ ಅವನ ಅಕ್ಕಪಕ್ಕದಲ್ಲೇ ಬಿದ್ದಿದ್ದರು. ಮದ್ದುಗುಂಡು ತೀರಿತು. ಸಂಬಳ ಸಿಗದ ಸವಾರರು ತಮ್ಮ ದಾರಿ ಹಿಡಿದರು. ಮಳೆಗಾಲ ಬಂತೆಂದು ದೇಸಾಯರಿಬ್ಬರೂ ತಮ್ಮ ತಮ್ಮ ವಾಡೆ ಸೇರಿಕೊಂಡರು. ಹತ್ತಿ ಗಾಡಿಯವರು ಹೆದರಿ ಬೇರೆ ದೂರದ ದಾರಿ ಹಿಡಿದಿದ್ದರಿಂದ, ಯಾವ ಸುಂಕಕ್ಕಾಗಿ ಇಷ್ಟೆಲ್ಲ ಆಯಿತೋ ಆ ಸುಂಕವೂ ಇಲ್ಲವಾಯಿತು.

ಶ್ರಾವಣ ಕಳೆಯಿತು. ಹಿಂಗಾರಿ ಬಿತ್ತನೆ ಹತ್ತಿರ ಬಂತು. ಮುದೇನಕೊಪ್ಪದಲ್ಲಿ ತಿನ್ನಲು ಕೊರತೆಯಿರಲಿಲ್ಲ. ಮನೆ ಸುಟ್ಟರೂ ನೆಲದೊಳಗಿನ ಹಗೇವುಗಳಿಗೆ ಬೆಂಕಿ ತಾಗಿರಲಿಲ್ಲ. ಆದರೆ ಬಿತ್ತುವ ಬೀಜ ಬೂದಿ ಬೆರೆಸಿದ ಗಡಿಗೆಗಳಲ್ಲಿ ಮನೆಯೊಳಗಿತ್ತು, ಮನೆಗಳ ಜೊತೆ ಸುಟ್ಟುಹೋಗಿತ್ತು. ಸಂಕವ್ವ ಹಗೇವಿನ ಜೋಳವನ್ನು ಹಸಿ ಬಟ್ಟೆಯಲ್ಲಿ ಕಟ್ಟಿಟ್ಟು ನೋಡಿದಳು. ನೆಲದೊಳಗಿನ ಕಾವಿಗೆ ಬೆಂದ ಕಾಳು, ಒಂದೂ ಮೊಳಕೆ ಬಿಡಲಿಲ್ಲ. ಈ ವರ್ಷ ಹೇಗೋ ಉಂಡರೂ ಹೊಲ ಬೀಳು ಬಿದ್ದರೆ ಮುಂದಿನ ವರ್ಷ ಊರೇ ಇರುವುದಿಲ್ಲ ಎಂಬುದು ಅವಳಿಗೆ ಗೊತ್ತಾಯಿತು. ಯಾರೊಂದಿಗೂ ಅದನ್ನು ಆಡಲಾರದೆ, ಮನಸ್ಸು ತಡೆಯದೆ, ಮಗನನ್ನು ಮಣ್ಣು ಮಾಡಿದ ದಿನ್ನೆಗೆ ಒಬ್ಬಳೇ ನಡೆದಳು.

ಅಲ್ಲಿ ಒಬ್ಬ ಹೆಂಗಸು ಬಗ್ಗಿ ಹಕ್ಕರಕಿ ಸೊಪ್ಪು ಕೀಳುತ್ತಿದ್ದಳು. ಉಡಿಯಲ್ಲಿ ಸೊಪ್ಪಿಗಿಂತ ಬೇರುಗಳೇ ಹೆಚ್ಚಾಗಿದ್ದವು. ಸಂಕವ್ವನನ್ನು ಕಂಡವಳೇ ಓಡಲು ಎದ್ದಳು. ಹಸಿವಿಗೆ ಕಾಲು ಏಳದೆ ಅಲ್ಲೇ ಕುಳಿತಳು. ಸಂಕವ್ವ ಸ್ವಲ್ಪ ದೂರದಲ್ಲಿ ತಾನೂ ಕುಳಿತಳು.

“ಕಲ್ಹಾಳದಾಕೀ ಏನು?” ಎಂದು ಸಂಕವ್ವ ಕೇಳಿದಳು.

“ಹೌದ್ರಿ ಯವ್ವಾ. ಹೊನ್ನವ್ವ ಅಂತಾರ.”

“ನಿಮ್ಮ ಮನ್ಯಾಗ ಯಾರು ಹೋದ್ರು?”

“ನನ್ನ ಗಂಡ. ಇಲ್ಲೇ.” ಹೊನ್ನವ್ವ ಕೈ ತೋರಿಸಿದ ಮಣ್ಣಿನ ಗುಡ್ಡೆ ಮಲ್ಲನಗೌಡನ ಗುಡ್ಡೆಯಿಂದ ದೂರವಿರಲಿಲ್ಲ.

ಆಮೇಲೆ ಹೊನ್ನವ್ವ ತಾನಾಗಿಯೇ ಎಲ್ಲ ಹೇಳಿದಳು. ಊರಲ್ಲಿ ಸೊಪ್ಪು, ಬೇರು ತಿಂದು ಎಷ್ಟೋ ದಿನವಾಯಿತಂತೆ. ಮನೆ ಸುಡದ ಕಾರಣ ಬೀಜದ ಗಡಿಗೆಗಳು ಉಳಿದಿದ್ದವಂತೆ. ಇದುವರೆಗೆ ಯಾರೂ ಮುಟ್ಟಿರಲಿಲ್ಲ, ಇನ್ನು ತಡೆಯುವುದಾಗದೆಂದು ನಾಳೆ ಊರೆಲ್ಲ ಬೀಜದ ಜೋಳವನ್ನೇ ಕುದಿಸುವುದೆಂದು ಹಿರಿಯರು ಹೇಳಿದ್ದಾರಂತೆ. ಬೀಜ ಕುದಿಸುವುದೆಂದರೆ ಏನೆಂದು ಒಕ್ಕಲಗಿತ್ತಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ತಮ್ಮಲ್ಲಿ ಇಲ್ಲದ್ದು ಅಲ್ಲಿದೆ, ಅಲ್ಲಿ ಇಲ್ಲದ್ದು ತಮ್ಮಲ್ಲಿ ಇದೆ. ಹಾಗೆಂದು ಹೊಳೆದ ಮರುಕ್ಷಣವೇ ಮಗನ ಗುಡ್ಡೆಯ ಕಡೆ ನೋಡಿದಳು. ಅವನನ್ನು ಕೊಂದ ಊರಿಗೆ ಅನ್ನ ಹೊರುವುದೆಂದರೆ ಅವಳ ಕೈಗೆ ಆಗುವ ಕೆಲಸವಾಗಿರಲಿಲ್ಲ. ಹೊನ್ನವ್ವನ ಗಂಡನನ್ನು ಕೊಂದದ್ದು ತನ್ನ ಮಗನೇ ಇರಬಹುದೆಂಬುದೂ ಆಗ ಅವಳ ಮನಸ್ಸಿಗೆ ಬಂತು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

“ನಾಳೆ ಒಂದು ದಿನ ಒಲಿ ಹಚ್ಚಬ್ಯಾಡಂತ ನಿಮ್ಮ ಹಿರ್ಯಾರಿಗೆ ಹೇಳು, ತಂಗಿ. ಗಡಿಗಿ ಮುಟ್ಟಬ್ಯಾಡ್ರಿ,” ಎಂದು ಹೇಳಿ ಊರ ದಾರಿ ಹಿಡಿದಳು.

ಕಲ್ಹಾಳಕ್ಕೆ ಜೋಳ ಕೊಟ್ಟು ಬೀಜ ತರೋಣವೆಂದು ಸಂಕವ್ವ ಕೇಳಿದರೆ ಚಾವಡಿಯಲ್ಲಿ ಯಾರೂ ಒಪ್ಪಲಿಲ್ಲ. ಸುಟ್ಟ ತೊಲೆಗಳ ಕೆಳಗೆ ಕುಳಿತವರಿಗೆ ಸುಟ್ಟವರ ಹಸಿವು ಹೇಗೆ ಕಾಣಬೇಕು. ಬೀಜ ಬೇಕಾದರೆ ಹೋಗಿ ಕಸಿದುಕೊಂಡು ಬರೋಣ ಎಂದವರೂ ಇದ್ದರು. ಸಂಕವ್ವನ ಮೈದುನ ಸಿದ್ದನಗೌಡ ಎಲ್ಲರಿಗಿಂತ ಕೆಂಡವಾಗಿದ್ದ. ಮಲ್ಲನಗೌಡನನ್ನು ಎತ್ತಿ ಆಡಿಸಿದವನು ಅವನು.

“ಮಗನ್ನ ಇಷ್ಟ ಲಗೂ ಮರತ್ರೇನ್ರಿ, ವೈನಿ?” ಎಂದ.

“ಮರತಿಲ್ಲ, ಮೈದುನ. ಆ ದಿನ್ನಿ ಸಲುವಾಗಿ ಸತ್ತ ನನ್ನ ಮಗ. ಆ ದಿನ್ನಿ ಬೇಯಿಸಿ ಉಣ್ಣಾಕ ಬರ್ತದೇನು? ಕಸಗೊಂಡು ತಂದ್ರ ಬರೂ ವರ್ಷ ಅವರು ಕಸಗೊಳ್ಳಾಕ ಬರ್ತಾರ. ಇನ್ನೂ ಎಷ್ಟು ಮಕ್ಕಳನ್ನ ಅಲ್ಲಿ ಹುಗಿಯೂದು?”

ಸಂಕವ್ವ ಇನ್ನು ಯಾರ ಒಪ್ಪಿಗೆಗೂ ಕಾಯದೆ ಹೋಗಿ ತನ್ನ ಹಗೇವಿನ ಕಲ್ಲಿನ ಮೇಲಿನ ಮಣ್ಣನ್ನು ತಾನೇ ಕೆದಕತೊಡಗಿದಳು. ಸ್ವಲ್ಪ ಹೊತ್ತಿಗೆ ಅವಳ ಪಕ್ಕದಲ್ಲಿ ಇನ್ನೊಂದು ಗುದ್ದಲಿ ಬಿತ್ತು. ಕಣ್ಣೆತ್ತಿ ನೋಡಿದರೆ ಸಿದ್ದನಗೌಡ. ಕಲ್ಲು ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಬಾಯಿ ತೆರೆದಿಟ್ಟು, ಹಗ್ಗಕ್ಕೆ ಕಟ್ಟಿ ಬಿಟ್ಟ ದೀಪ ಆರದೆ ಉರಿಯಿತೆಂದ ಮೇಲೆ ಅವನೇ ಒಳಗಿಳಿದ. ಬೆಳಗಾಗುವಾಗ ಊರಿನ ಇನ್ನೂ ಕೆಲವು ಹಗೇವುಗಳು ಬಾಯಿ ತೆರೆದಿದ್ದವು.

ಎತ್ತುಗಳನ್ನು ಸೈನ್ಯ ಹೊಡೆದುಕೊಂಡು ಹೋಗಿದ್ದರಿಂದ ಜೋಳವನ್ನು ತಲೆಯ ಮೇಲೆಯೇ ಹೊತ್ತರು. ದಿನ್ನೆಯ ಮೇಲೆ ಜನರ ಸಾಲು ಕಂಡು ಕಲ್ಹಾಳದವರು ಮತ್ತೆ ದಾಳಿ ಬಂತೆಂದು ಬಡಿಗೆ ಹಿಡಿದು ನಿಂತರು. ಮುಂದೆ ಬುಟ್ಟಿ ಹೊತ್ತ ಹೆಂಗಸರನ್ನು ನೋಡಿ ಕೈ ತಡೆದರು. ಆದರೂ ಅವರ ಹಿರಿಯ ಈರಸಂಗಪ್ಪನಿಗೆ ನಂಬಿಕೆ ಬರಲಿಲ್ಲ. ಕಾಳಿಗೆ ವಿಷ ಸವರಿ ತಂದಿರಬಹುದು, ಯಾರೂ ಮುಟ್ಟಬೇಡಿ ಎಂದ. ಸಂಕವ್ವ ಬುಟ್ಟಿ ಇಳಿಸಿ, ಒಂದು ಹಿಡಿ ಹಸಿ ಜೋಳ ಬಾಯಿಗೆ ಹಾಕಿಕೊಂಡು, ಅವನ ಮುಖ ನೋಡುತ್ತ ಅಗಿದಳು. ಗಟ್ಟಿ ಕಾಳು ನುಣ್ಣಗಾಗುವವರೆಗೆ ಅಗಿದು ನುಂಗಿದಳು. ಅಷ್ಟರಲ್ಲಿ ಹೊನ್ನವ್ವ ಗುಂಪಿನಿಂದ ಹೊರಬಂದು ತನ್ನ ಬೀಜದ ಗಡಿಗೆಯನ್ನು ಸಂಕವ್ವನ ಮುಂದೆ ಇಟ್ಟಳು. ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ತಂದರು. ಈರಸಂಗಪ್ಪ ತನ್ನ ಬಡಿಗೆ ಬಿಸಾಕಿ, ಬುಟ್ಟಿ ಇಳಿಸಲು ಕೈ ಜೋಡಿಸಿದ. ಅಂದು ಕಲ್ಹಾಳದ ಒಲೆಗಳಲ್ಲಿ ರೊಟ್ಟಿ ಬೆಂದಿತು. ಆ ವಾರವೇ ಎರಡೂ ಊರಿನ ಹೊಲಗಳಿಗೆ ಬೀಜ ಬಿತ್ತು. ಎತ್ತಿಲ್ಲದವರು ಕೂರಿಗೆಗೆ ತಾವೇ ಹೆಗಲು ಕೊಟ್ಟು ಎಳೆದರು ಎನ್ನುತ್ತಾರೆ.

ಸುಗ್ಗಿ ಚೆನ್ನಾಗಿ ಬಂತು. ರಾಶಿ ಮುಗಿದ ಮೇಲೆ ಸಂಕವ್ವ, ದಿನ್ನೆಯ ಮೇಲೆ ಎರಡೂ ಊರಿಗೂ ಸೇರಿದ ಒಂದು ಹಗೇವು ತೋಡಬೇಕೆಂದಳು. ಎರಡೂ ಊರವರು ಸೇರಿ ತೋಡಿದರು, ಎರಡೂ ಊರವರು ಕಾಳು ಸುರಿದರು. ಇದು ಕಿವಿಗೆ ಬಿದ್ದು ದೇಸಾಯರಿಬ್ಬರೂ ಸಿಟ್ಟಾದರು. ಮತ್ತೆ ಆಳು ಎಬ್ಬಿಸಲು ಸವಾರರು ಬಂದರು. ಆದರೆ ಅಲ್ಲಿ ಕುದುರೆ ಓಡಿದರೆ ಕುಸಿಯುವುದು ನಮ್ಮದೇ ಕಣಜ, ನಾವು ಬರುವುದಿಲ್ಲ ಎಂದು ಎರಡೂ ಕಡೆಯ ಒಕ್ಕಲುಗಳು ಹೇಳಿಬಿಟ್ಟರು. ಆಳಿಲ್ಲದೆ ಯುದ್ಧವಿಲ್ಲ. ಬಹಳ ವರ್ಷಗಳ ನಂತರ ಕಂಪನಿಯ ಮೋಜಣಿದಾರರು ನೆಲ ಅಳೆಯಲು ಸರಪಳಿ ಹಿಡಿದು ಬಂದು ದಿನ್ನೆ ಯಾರದೆಂದು ಕೇಳಿದಾಗ, ಮುದೇನಕೊಪ್ಪದವರು ಕಲ್ಹಾಳದವರದೆಂದರು, ಕಲ್ಹಾಳದವರು ಮುದೇನಕೊಪ್ಪದವರದೆಂದರು. ಮುಪ್ಪಾದ ಸಂಕವ್ವ ಅಂದು ಹೊನ್ನವ್ವನ ಹೆಗಲು ಹಿಡಿದು ಅಲ್ಲೇ ನಿಂತಿದ್ದಳಂತೆ, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳಂತೆ.

ಈಗಲೂ ದಿನ್ನೆ ಹತ್ತಿದವರಿಗೆ ಹಗೇವಿನ ದುಂಡನೆಯ ಕಲ್ಲುಬಾಯಿ ಕಾಣುತ್ತದೆ. ರೇಶನ್ನಿನ ಕಾಲದಲ್ಲಿ ಅದರ ಅಗತ್ಯವಿಲ್ಲ. ಆದರೂ ಸುಗ್ಗಿಯಲ್ಲಿ ಎರಡೂ ಊರಿನವರು ಒಂದೊಂದು ಬುಟ್ಟಿ ತಂದು ಸುರಿಯುವುದನ್ನು ಬಿಟ್ಟಿಲ್ಲ. ಸುರಿಯುವಾಗ ಚೆಲ್ಲಿದ ಕಾಳು ಮಳೆ ಬಿದ್ದಾಗ ಕಲ್ಲಿನ ಸುತ್ತ ತಾನೇ ಮೊಳೆತು, ಚಳಿಗಾಲದ ಹೊತ್ತಿಗೆ ತೆನೆ ಹಿಡಿದು ತೂಗುತ್ತದೆ. ಅದನ್ನು ಯಾರೂ ಕೊಯ್ಯುವುದಿಲ್ಲ. ಗುಬ್ಬಿಗಳು ಬಂದು ತಿಂದು, ಕೆಲವು ಈ ಊರ ಕಡೆಗೆ, ಕೆಲವು ಆ ಊರ ಕಡೆಗೆ ಹಾರುತ್ತವೆ.