ಗೋಡೆ ಮೇಲಿನ ಕಲೆ

ಮಂದಾಕಿನಿಯಮ್ಮ ಮನೆಗೆ ಮಾಡರ್ನ್ ಆರ್ಟ್ ಕೊಂಡು ತಂದರು. ಗಾಜಿಲ್ಲದ ಫ್ರೇಮು, ಒಳಗೆ ತಲೆಬುಡವಿಲ್ಲದ ಬಣ್ಣ. "ಒಂದು ಕಲೆ ಬಿದ್ದರೂ ನಿನಗೆ ಈ ಮನೆ ಕೆಲಸ ಇಲ್ಲ" ಅಂತ ಅಡುಗೆಯ ಚೌಡಮ್ಮನಿಗೆ ತಾಕೀತಾಯಿತು.

ಸಂಜೆ ವಾಲಿದ್ದ ಫ್ರೇಮನ್ನು ನೇರ ಮಾಡಲು ಹೋಗಿ, ಚೌಡಮ್ಮನ ಅರಿಶಿನದ ಹೆಬ್ಬೆರಳು ಚಿತ್ರದ ನಟ್ಟನಡುವೆ ಕೂತುಬಿಟ್ಟಿತು. ಒರೆಸಿದಷ್ಟೂ ಹರಡಿತು. ಅಷ್ಟರಲ್ಲಿ ಎದುರುಮನೆ ವಕೀಲರಿಗೆ ಚಿತ್ರ ತೋರಿಸಲು ಅಮ್ಮಾವ್ರು ಬಂದೇಬಿಟ್ಟರು.

"ಏನೇ ಇದು, ಹಳದಿ?"

ಚೌಡಮ್ಮ ವಕೀಲರ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ ನಿಜವನ್ನೇ ಹೇಳಿದಳು: "ಕಲೆ, ಅಮ್ಮಾವ್ರೇ."

ವಕೀಲರು ತಲೆದೂಗಿದರು. "ಅಡುಗೆಯವಳಿಗೂ ಕಲೆ ಗೊತ್ತಾಗುತ್ತೆ ನೋಡಿ. ಆ ಹಳದಿ ಇಲ್ಲದಿದ್ದರೆ ಚಿತ್ರವೇ ಸಪ್ಪೆ."

ಅಮ್ಮಾವ್ರು ತಕ್ಷಣ ದನಿ ಬದಲಿಸಿದರು. "ಹೂಂ, ಅದನ್ನ ನೋಡಿಯೇ ನಾನು ಕೊಂಡಿದ್ದು."

ಚೌಡಮ್ಮ ಹೆಬ್ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಅಡುಗೆಮನೆಗೆ ಜಾರಿದಳು.