ಸಸ್ಯೋದ್ಯಾನಕ್ಕೆ ಬಂದ ಪಾತರಗಿತ್ತಿ

ಹೊಟ್ಟೆ ತುಂಬ ಮೊಟ್ಟೆ ಹೊತ್ತ ಕಪ್ಪು ಪಾತರಗಿತ್ತಿಯೊಂದು ವಿಶ್ವವಿದ್ಯಾಲಯದ ಸಸ್ಯೋದ್ಯಾನಕ್ಕೆ ಬಂತು. ಗೇಟಿನ ಪಕ್ಕದಲ್ಲೇ ಕರಿಬೇವಿನ ಗಿಡ ಚಿಗುರಿತ್ತು. ಅಲ್ಲಿದ್ದ ಅಳಿಲು, “ಇಲ್ಲೇ ಇಡಿ ತಾಯಿ. ನಿಮ್ಮ ಕುಲದ ಮರಿಗಳು ಈ ಎಲೆ ತಿಂದೇ ಬೆಳೆಯುವುದನ್ನು ನಾನು ನೋಡಿದ್ದೇನೆ,” ಎಂದಿತು.

“ಕರಿಬೇವು ಎಲ್ಲರ ಹಿತ್ತಲಲ್ಲೂ ಇದೆ. ದೇಶ ದೇಶದ ಗಿಡಗಳಿರುವ ತೋಟಕ್ಕೆ ಬಂದು ನನ್ನ ಮಕ್ಕಳಿಗೆ ಅದನ್ನೇ ಉಣಿಸಲೇ?” ಎಂದು ಪಾತರಗಿತ್ತಿ ಮುಂದೆ ಹಾರಿತು.

ಒಂದು ಎಲೆಯ ಮೇಲೆ ಕೂತು ಪಾತರಗಿತ್ತಿಗಳ ರೀತಿಯಂತೆ ಕಾಲಿನಿಂದಲೇ ರುಚಿ ನೋಡುವಷ್ಟರಲ್ಲಿ ಪಕ್ಕದ ಗಿಡ ಇನ್ನೂ ಚಂದ ಕಾಣುತ್ತಿತ್ತು. ಅಲ್ಲಿಗೆ ಹೋದರೆ ಅದರಾಚೆಯದು ಕರೆಯುತ್ತಿತ್ತು. ಹೀಗೆ ಅಲೆಯುತ್ತ ಸಂಜೆಯಾಯಿತು. ಮೊಟ್ಟೆಗಳನ್ನು ಇನ್ನು ತಡೆಹಿಡಿಯಲಾಗಲಿಲ್ಲ. ಒಂದಷ್ಟು ಕಲ್ಲುಹಾಸಿನ ಮೇಲೆ ಉದುರಿದವು. ಉಳಿದವನ್ನು ಅದು ಗಾಬರಿಯಲ್ಲಿ, ಮೊರದಷ್ಟು ಅಗಲವಾದ ಪರದೇಶದ ಎಲೆಯೊಂದರ ಮೇಲೆ ಇಡತೊಡಗಿತು.

ಹಿಂದೆಯೇ ಬಂದಿದ್ದ ಅಳಿಲನ್ನು ಕಂಡು, “ಅಳಿಲಣ್ಣ, ಎಲೆ ಹೇಗಿದೆ?” ಎಂದು ಕೇಳಿತು.

“ಚಂದವೇನೋ ಇದೆ ತಾಯಿ. ಆದರೆ ಇದನ್ನು ಕಚ್ಚಿ ಬದುಕಿದ ಒಂದು ಹುಳುವನ್ನೂ ನಾನು ಕಂಡಿಲ್ಲ.”

ಪಾತರಗಿತ್ತಿ ಈಗ ಎಲೆಯನ್ನು ಕಾಲಿನಿಂದ ಸರಿಯಾಗಿ ಮುಟ್ಟಿ ರುಚಿ ನೋಡಿತು. ಎಲೆ ಮೇಣದಂತೆ ಗಟ್ಟಿಯಾಗಿತ್ತು, ಬರೀ ಕಹಿ. ಇಟ್ಟ ಮೊಟ್ಟೆಗಳನ್ನು ಹಿಂದೆ ತೆಗೆದುಕೊಳ್ಳುವಂತಿರಲಿಲ್ಲ. ಹೊಟ್ಟೆಯಲ್ಲಿ ಇನ್ನು ಒಂದೇ ಒಂದು ಮೊಟ್ಟೆ ಉಳಿದಿತ್ತು.

“ಗೇಟು ಯಾವ ಕಡೆ?” ಎಂದು ಅದು ಕೇಳಿತು. ಅಳಿಲು ತೋರಿಸಿದ ದಿಕ್ಕಿಗೆ, ದಾರಿಯ ಯಾವ ಗಿಡವನ್ನೂ ನೋಡದೆ ಹಾರಿತು.