ಮೊಗ್ಗು ಅರಳಿದ ಹೊತ್ತು

ಬಟ್ಟೆಯ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದು ಶಿಷ್ಯ ಮಹಾಲಿಂಗ ಕೇಳಿದ: “ಗುರುಗಳೇ, ನನ್ನ ಜೊತೆಗೇ ಮಠಕ್ಕೆ ಬಂದ ಗುರುಬಸವನಿಗೆ ಮೂರೇ ವರ್ಷಕ್ಕೆ ಧ್ಯಾನದಲ್ಲಿ ಮನಸ್ಸು ನಿಂತಿತು. ನನಗೆ ಹನ್ನೆರಡು ವರ್ಷವಾದರೂ ಇಲ್ಲ. ಊರಿಗೆ ಹೊರಟುಬಿಡಲೇ?”

ಗುರುಗಳು ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಕತೆ ಹೇಳಿದರು.

ಒಬ್ಬ ಹೂವಾಡಿಗನಿದ್ದ. ಮದುವಣಗಿತ್ತಿಗೆ ಮೊಗ್ಗಿನ ಜಡೆ ಹೆಣೆಯುವುದರಲ್ಲಿ ಅವನದು ಎತ್ತಿದ ಕೈ. ದೂರದೇಶದಲ್ಲಿ ನೆಲೆಸಿದ್ದ ಹಳೆಯ ಗಿರಾಕಿಯೊಬ್ಬರು ಮಗಳ ಮದುವೆಗೆ ಅವನನ್ನೇ ಕರೆಸಿಕೊಂಡರು.

ಜಡೆಗೆ ಬಿಗಿ ಮೊಗ್ಗೇ ಆಗಬೇಕು. ಅರಳಿದ ಹೂವು ಸಾಲಿನಲ್ಲಿ ನಿಲ್ಲುವುದಿಲ್ಲ. ನಸುಕಿನಲ್ಲಿ ಬಿಡಿಸಿದ ಮಲ್ಲಿಗೆ ಮೊಗ್ಗು ಸಂಜೆ ಏಳರವರೆಗೆ ಬಾಯಿ ಬಿಡುವುದಿಲ್ಲವೆಂದು ಮೂವತ್ತು ವರ್ಷದಿಂದ ಬಲ್ಲವನು ಅವನು. ಟಿಕೆಟ್ ನೋಡಿದ. ಬೆಳಗ್ಗೆ ಹತ್ತಕ್ಕೆ ಹೊರಡುವುದು, ಮಧ್ಯಾಹ್ನ ಮೂರಕ್ಕೆ ಇಳಿಯುವುದು. ಎಂಟು ಸಾವಿರ ಕಿಲೋಮೀಟರ್ ಐದೇ ಗಂಟೆ! ಹುಬ್ಬಳ್ಳಿ ಬಸ್ಸೇ ಏಳು ಗಂಟೆ ಎಳೆಯುತ್ತದೆ, ವಿಮಾನ ಎಂದರೆ ವಿಮಾನವಪ್ಪಾ ಎಂದು ಹಿಗ್ಗಿದ. ಬಾಳೆ ಎಲೆಯಲ್ಲಿ ಮೊಗ್ಗು ಸುತ್ತಿ, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹತ್ತಿದ.

ದಾರಿಯಲ್ಲಿ ಎರಡು ಸಲ ಊಟ ಬಂತು. ಐದು ಗಂಟೆಗೆ ಎರಡೂಟವೇ, ಧಾರಾಳಿಗಳು ಎಂದುಕೊಂಡು ಎರಡನ್ನೂ ಉಂಡ. ಒಂದು ಒಳ್ಳೆಯ ನಿದ್ದೆಯನ್ನೂ ತೆಗೆದ.

ಇಳಿದಾಗ ಅಲ್ಲಿನ ಗೋಡೆ ಗಡಿಯಾರದಲ್ಲಿ ಸರಿಯಾಗಿ ಮೂರು. ನಾಲ್ಕಕ್ಕೆ ಮದುವೆ ಮನೆ ತಲುಪಿ ಎಲೆ ಬಿಚ್ಚಿದರೆ ಘಮ್ಮೆಂದಿತು. ಮೊಗ್ಗೆಲ್ಲ ಅರಳಿ ಕೂತಿದ್ದವು. ಆರು ಗಂಟೆಗೆ ಧಾರೆ, ಆ ಊರಿನಲ್ಲಿ ಇನ್ನೊಂದು ಮೊಗ್ಗು ಸಿಗುವಂತಿಲ್ಲ.

“ಹೊತ್ತಿಗೆ ಮುಂಚೆ ಅರಳಿಬಿಟ್ವು ತಾಯಿ. ನನ್ನ ಕೈಗುಣವೇ ಹೋಯ್ತೋ ಏನೋ,” ಎಂದು ಮದುಮಗಳ ತಾಯಿಯ ಮುಂದೆ ಕಣ್ಣೀರು ತಂದುಕೊಂಡ.

ಆಕೆ ತಮ್ಮ ಫೋನಿನಲ್ಲಿ ಅವನ ಊರಿನ ಹೊತ್ತನ್ನು ತೋರಿಸಿದರು. ರಾತ್ರಿ ಒಂಬತ್ತೂವರೆ. “ಹೊರಟ ಹೊತ್ತು ನಿಮ್ಮೂರಿನ ಗಡಿಯಾರದ್ದು, ಇಳಿದ ಹೊತ್ತು ಇಲ್ಲಿನದು. ನೀವು ಹಾರಿದ್ದು ಹತ್ತೂವರೆ ಗಂಟೆ ಕಣಪ್ಪಾ. ಹೂವು ತನ್ನ ಹೊತ್ತಿಗೇ ಅರಳಿದೆ. ಜಡೆ ಬೇಡ, ದಂಡೆ ಕಟ್ಟಿ.”

ಅವನು ಒತ್ತೊತ್ತಾಗಿ ದಂಡೆ ಕಟ್ಟಿದ. ಹುಡುಗಿ ಅದನ್ನು ಮುಡಿದು ಧಾರೆಗೆ ನಿಂತಾಗ ಚಪ್ಪರವೆಲ್ಲ ಘಮಘಮಿಸಿತು. ಮೊಗ್ಗಿನ ಜಡೆಗೆ ಆ ವಾಸನೆ ಎಲ್ಲಿಂದ ಬರಬೇಕು? ಹೂವಾಡಿಗ ಮೂರನೆಯ ಊಟವನ್ನೂ ತೃಪ್ತಿಯಿಂದ ಉಂಡ.

ಮಹಾಲಿಂಗ ಗೊಳ್ಳೆಂದು ನಕ್ಕ. “ಎಂಥಾ ದಡ್ಡ ಅವನು, ಗುರುಗಳೇ! ತನ್ನೂರಲ್ಲಿ ಹೊರಟು, ಇನ್ನೊಬ್ಬರ ಗಡಿಯಾರ ನೋಡಿ ಲೆಕ್ಕ ಹಾಕುವುದೇ?”

“ಈ ದಾರಿಗೆ ಹೊರಟವನು ನೀನು, ಗುರುಬಸವನ ಗಡಿಯಾರ ನಿನಗೆ ಏತಕ್ಕಪ್ಪಾ?” ಎಂದರು ಗುರುಗಳು.

ಮಹಾಲಿಂಗ ಕಂಕುಳಿನ ಗಂಟನ್ನು ಕೆಳಗಿಟ್ಟ.